ಬಾವಿಯ ಪಾಳಿಗೆ ಕಂಪ್ಯೂಟರ್ ಪಾಠ

ನಮ್ಮ ಶಾಲೆಗೆ ಕರೆಂಟು ಬಂದರೆ ಮಕ್ಕಳು ಹೋಗಿಬಿಡುತ್ತಿದ್ದರು. ಹೀಗೆಂದರೆ ಕೇಳಿದವರು ನನ್ನ ಮಾತಿನಲ್ಲೇ ಏನೋ ಹೆಚ್ಚುಕಮ್ಮಿಯಾಗಿದೆ ಎಂದುಕೊಳ್ಳುತ್ತಾರೆ. ಇಲ್ಲ, ಇದ್ದದ್ದೇ ಹಾಗೆ. ಕರೆಂಟು ಇಲ್ಲದ ಹೊತ್ತಿನಲ್ಲಿ ತರಗತಿ ತುಂಬಿರುತ್ತಿತ್ತು; ಮಕ್ಕಳು ಬೆವರು ಒರೆಸಿಕೊಳ್ಳುತ್ತ ನಾನು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದರು. ತಲೆಯ ಮೇಲಿನ ಫ್ಯಾನು ಒಂದು ಸಲ ನರಳಿ ತಿರುಗತೊಡಗಿದರೆ ಸಾಕು, ಹಿಂದಿನ ಬೆಂಚಿನವರು ಎದ್ದು ನಿಂತು "ಬಾಯಿ, ಲೈಟ್ ಆಲಿ, ಜಾವೂ ಕಾ?" ಎನ್ನುತ್ತಿದ್ದರು. ಬಾಯಿ ಎಂದರೆ ನಾನು. ಅಲ್ಲಿ ಶಿಕ್ಷಕಿಯನ್ನು ಹಾಗೆಯೇ ಕರೆಯುವುದು. ಕರೆಂಟು ಬಂತು, ಹೋಗಲೇ ಎಂದು ಕೇಳುತ್ತಿದ್ದರು. ಕೇಳುತ್ತಿದ್ದರು ಅಷ್ಟೇ, ನಾನು ಹೂಂ ಅನ್ನುವ ತನಕ ಕಾಯುತ್ತಿರಲಿಲ್ಲ.

ಅವರು ಹೋಗುತ್ತಿದ್ದದ್ದು ಬಾವಿಗೆ. ಶಾಲೆ ಇದ್ದದ್ದು ಚಾಂದವಡದ ಹೆದ್ದಾರಿಯಿಂದ ಒಳಗೆ, ಊರಿನಿಂದಲೂ ದೂರ, ಉಳ್ಳಾಗಡ್ಡಿ ಹೊಲಗಳ ನಟ್ಟನಡುವೆ. ಹೊಲದ ಪಂಪುಗಳಿಗೆ ಬಂದ ತಂತಿಯೇ ನಮಗೂ ಬಂದಿತ್ತು. ಆ ವರ್ಷಗಳಲ್ಲಿ ಲೋಡ್‌ಶೆಡ್ಡಿಂಗ್ ಎಂದರೆ ಊಟ ನಿದ್ದೆಯಷ್ಟೇ ಖಾಯಂ. ಒಂದು ವಾರ ಹಗಲು ಕೆಲವು ತಾಸು ಕೊಟ್ಟರೆ ಮುಂದಿನ ವಾರ ರಾತ್ರಿ. ಹಗಲಿನ ವಾರದಲ್ಲಿ ಕರೆಂಟು ಬಂದ ಕೂಡಲೇ ಸುತ್ತಲಿನ ಮೋಟಾರುಗಳೆಲ್ಲ ಒಟ್ಟಿಗೇ ಗುಂಯ್ ಎನ್ನುತ್ತಿದ್ದವು. ವೋಲ್ಟೇಜು ಬಿದ್ದು ಸ್ಟಾರ್ಟರು ಆಗಾಗ ಕಟ್ಟಾಗುತ್ತಿದ್ದರಿಂದ ಅದರ ಹತ್ತಿರ ಒಬ್ಬರು ನಿಂತಿರಲೇಬೇಕು, ಮತ್ತೊಬ್ಬರು ಸಲಿಕೆ ಹಿಡಿದು ಮಡಿಯಿಂದ ಮಡಿಗೆ ನೀರು ತಿರುಗಿಸಬೇಕು. ಗಂಡಸರು ಸೀಜನ್ನಿನಲ್ಲಿ ಲಾಸಲಗಾಂವ್ ಮಾರ್ಕೆಟ್ಟಿಗೆ ಚೀಲ ಹೊರಲು ಹೋದರೆ ಉಳಿದದ್ದು ಹೆಂಗಸರು, ಮಕ್ಕಳು. ಹೀಗಾಗಿ ಸ್ಟಾರ್ಟರಿನ ಕೆಲಸ ಮಕ್ಕಳ ಪಾಲಿಗೆ ಬಂದಿತ್ತು.

ನಾನು ಬೀದರ್ ಜಿಲ್ಲೆಯವಳು. ಗಡಿ ಊರಿನಲ್ಲಿ ಹುಟ್ಟಿದ್ದರಿಂದ ಮರಾಠಿ ನನಗೆ ಪಕ್ಕದ ಮನೆಯ ಭಾಷೆ. ಮದುವೆಯಾಗಿ ಬಂದದ್ದು ನಾಸಿಕದ ಓಝರಿಗೆ. ನಮ್ಮ ಮನೆಯವರು ಅಲ್ಲಿನ ವಿಮಾನ ಕಾರ್ಖಾನೆಯಲ್ಲಿ ಟೆಕ್ನಿಷಿಯನ್. ನಾನು ವಿಜ್ಞಾನ ಕಲಿಸುತ್ತ ಕಲಿಸುತ್ತ ಆ ಶಾಲೆಯ ಮುಖ್ಯಾಧ್ಯಾಪಕಿಯಾದೆ. ಆ ಕುರ್ಚಿಗೆ ಬೇರೆ ಯಾರೂ ಆಸೆಪಡಲಿಲ್ಲ ಎಂಬುದನ್ನೂ ಹೇಳಿಬಿಡಬೇಕು. ನನ್ನ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ ಎಂದು ಮನೆಯವರು ಅಂದಿಗೂ ಹೇಳುತ್ತಿದ್ದರು, ಇಂದಿಗೂ ಹೇಳುತ್ತಾರೆ. ಈ ಕಥೆಯಲ್ಲಿ ಬರುವವರೆಲ್ಲ ಮರಾಠಿಯಲ್ಲಿ ಆಡಿದ ಮಾತನ್ನು ನಾನು ನನ್ನ ಬೀದರಿನ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆ ಹೊಲದವರ ಮಾತಿಗೆ ಅದೇ ಹತ್ತಿರ. ಪೇಟೆಯ ಸಾಹೇಬರಿಗೂ ಅದನ್ನೇ ಹಚ್ಚಿದ್ದೇನೆ, ಬೇಕಾದರೆ ಬೇಸರ ಮಾಡಿಕೊಳ್ಳಲಿ.

ಕಂಪ್ಯೂಟರಿನ ಹಟ ನನಗೆ ಹತ್ತಿದ್ದು ನನ್ನ ಮಗಳಿಂದ. ಅವಳು ಓದುತ್ತಿದ್ದದ್ದು ಕಾರ್ಖಾನೆಯ ಕಾಲೊನಿಯ ಶಾಲೆಯಲ್ಲಿ. ಸಂಜೆ ಬಂದು, ಇವತ್ತು ಪರದೆಯ ಮೇಲೆ ಎಲೆಯೊಳಗೆ ನೀರು ಏರುವುದನ್ನು ನೋಡಿದೆವು ಎಂದು ಅರ್ಧ ಹಿಂದಿ ಅರ್ಧ ಮರಾಠಿಯಲ್ಲಿ ಹೇಳುತ್ತಿದ್ದಳು. ನಾನು ಕನ್ನಡದಲ್ಲಿ ಕೇಳಿದರೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಕನ್ನಡದಲ್ಲಿ ಬರುತ್ತಿರಲಿಲ್ಲ. ಅದೇ ಪಾಠವನ್ನು ನಾನು ಬೆಳಿಗ್ಗೆ ಸೀಮೆಸುಣ್ಣದ ಚೂರಿನಲ್ಲಿ ಬರೆದು ಬಂದಿರುತ್ತಿದ್ದೆ. ನನ್ನ ಮಗಳಿಗೆ ಒಂದು, ನನ್ನ ಶಾಲೆಯ ಮಕ್ಕಳಿಗೆ ಇನ್ನೊಂದು. ಬಸ್ಸಿನಲ್ಲಿ ಕೂತು ಇದನ್ನು ಯೋಚಿಸಿದಾಗೆಲ್ಲ ಹೊಟ್ಟೆ ಉರಿಯುತ್ತಿತ್ತು.

ನಮ್ಮ ಶಾಲೆ ನಡೆಸುವ ಸಂಸ್ಥೆಯ ಕಚೇರಿ ಇದ್ದದ್ದು ಛತ್ರಪತಿ ಸಂಭಾಜಿನಗರದಲ್ಲಿ. ಆಗ ಬಸ್ಸಿನ ಬೋರ್ಡಿನ ಮೇಲೆ ಊರಿನ ಹೆಸರು ಬೇರೆ ಇತ್ತು, ದೂಳು ಇಷ್ಟೇ ಇತ್ತು. ಸಂಸ್ಥೆಗೆ ಒಂದು ಕಂಪನಿ ಕಂಪ್ಯೂಟರುಗಳನ್ನು ದಾನ ಕೊಡುತ್ತಿದೆ ಎಂದು ಕೇಳಿ ನಾನು ಎಸ್‌ಟಿ ಬಸ್ಸು ಹತ್ತಿ ಹೋಗಿ ಕಾರ್ಯದರ್ಶಿ ಸಾಹೇಬರ ಮುಂದೆ ಕೂತೆ. ಅವರ ಕಚೇರಿಯ ಕೆಳಗೇ ಸಂಸ್ಥೆಯ ನಗರದ ಶಾಲೆ. ಅಲ್ಲಿ ಕಂಪ್ಯೂಟರಿಗೆ ಒಂದು ಕೋಣೆ, ಕೋಣೆಗೆ ಟೈಲ್ಸು, ಟೈಲ್ಸಿನ ಹೊರಗೆ ಸಾಲಾಗಿ ಬಿಟ್ಟ ಚಪ್ಪಲಿ.

"ನಿಮ್ಮಲ್ಲಿ ಕರೆಂಟೇ ಇರಲ್ಲಲ್ರಿ ಬಾಯಿ," ಎಂದರು ಸಾಹೇಬರು. ಒಳ್ಳೆಯವರೇ, ಆದರೆ ಯಾವ ಮಾತನ್ನೂ ನಿಟ್ಟುಸಿರಿನಿಂದ ಶುರುಮಾಡುವ ಅಭ್ಯಾಸ.

"ಇದ್ದಾಗ ಕಲಿಸ್ತೀನ್ರಿ," ಎಂದೆ.

ನಾನು ಏಳಲಿಲ್ಲ. ಮಧ್ಯಾಹ್ನದ ಊಟದ ಹೊತ್ತಾದರೂ ಏಳಲಿಲ್ಲ. ಕೊನೆಗೆ ಅವರು ಒಪ್ಪಿದರು, ಒಂದು ಷರತ್ತು ಹಾಕಿ: ಈ ಶಾಲಾ ವರ್ಷ ಮುಗಿಯುವುದರೊಳಗೆ ಮಕ್ಕಳು ಅವನ್ನು ಬಳಸುತ್ತಿರುವುದು ಕಣ್ಣಿಗೆ ಕಾಣಬೇಕು, ಇಲ್ಲವಾದರೆ ಟೆಂಪೋ ಕಳಿಸಿ ವಾಪಸ್ ತರಿಸಿ ನಗರದ ಶಾಲೆಗೆ ಕೊಡುತ್ತಾರೆ. ಜನರೇಟರ್ ಕೇಳಿದೆ. ಅದಕ್ಕೂ ಒಂದು ನಿಟ್ಟುಸಿರು ಬಿಟ್ಟರು, ಈ ಸಲ ಹಿಂದೆ ಮಾತೇ ಬರಲಿಲ್ಲ.

ದೀಪಾವಳಿ ರಜೆ ಮುಗಿದ ಮೇಲೆ ಯಂತ್ರಗಳು ಬಂದವು. ನಮ್ಮ ಮನೆಯವರು ರವಿವಾರ ಬಂದು ವೈರಿಂಗು, ಅರ್ಥಿಂಗು ನೋಡಿದರು, ಸ್ಟೆಬಿಲೈಸರ್ ಕೂಡಿಸಿದರು. ಅವರ ಕಾರ್ಖಾನೆಯಲ್ಲಿ ಪ್ರತಿಯೊಂದು ಉಪಕರಣದ ಆಕಾರವನ್ನು ಹಲಗೆಯ ಮೇಲೆ ಬಣ್ಣದಲ್ಲಿ ಬರೆದಿರುತ್ತಾರಂತೆ. ಸ್ಪ್ಯಾನರು ತನ್ನ ಆಕಾರದ ಮೇಲೆ ವಾಪಸ್ ತೂಗದ ಹೊರತು ವಿಮಾನ ಶೆಡ್ಡು ಬಿಟ್ಟು ಹೊರಡುವುದಿಲ್ಲ. ನಮಗೂ ಅಂಥದೊಂದು ಹಲಗೆ ಮಾಡಿಕೊಟ್ಟರು, ಮೌಸು, ವೈರು, ಕೀಬೋರ್ಡಿನ ಹೊದಿಕೆ ಎಲ್ಲದರ ಆಕಾರ ಬರೆದು. ಶಿಕ್ಷಕರು ಅದನ್ನು ನೋಡಿ ಮೂಗು ಮುರಿದರು, ಮಕ್ಕಳು ಒಂದೇ ದಿನದಲ್ಲಿ ಕಲಿತರು.

ನಾನು ವೇಳಾಪಟ್ಟಿ ಹಾಕಿದೆ. ಎಲ್ಲ ಶಾಲೆಯವರೂ ಹಾಕುವಂತೆ ತರಗತಿವಾರು: ಸೋಮವಾರ ಐದನೆಯವರು, ಮಂಗಳವಾರ ಆರನೆಯವರು, ಹೀಗೆ. ಎಲ್ಲ ಅಚ್ಚುಕಟ್ಟು. ಹಗಲಿನ ವಾರ ಬಂತು. ಕರೆಂಟು ಬಂತು. ಯಂತ್ರಗಳ ದೀಪಗಳು ಹತ್ತಿದವು. ಕೋಣೆಯಲ್ಲಿ ನಾನು, ಕಂಪ್ಯೂಟರ್ ಕಲಿತು ಬಂದಿದ್ದ ಹೊಸ ಶಿಕ್ಷಕ, ಮತ್ತು ಹೊಲವಿಲ್ಲದ ಮನೆಯ ಒಂದಿಷ್ಟು ಮಕ್ಕಳು. ಉಳಿದವರೆಲ್ಲ ಬಾವಿಯ ದಾರಿಯಲ್ಲಿ. ಗೇಟಿಗೆ ಬೀಗ ಹಾಕಿಸಿದೆ. ಅವತ್ತು ಗೋಡೆ ಹಾರಿದರು. ಪಾಲಕರ ಸಭೆ ಕರೆದೆ. ಕರೆಂಟು ಬಂತೆಂದು ಪಾಲಕರೂ ಎದ್ದು ಹೋದರು. ಯಂತ್ರ ನಡೆಯುವ ಹೊತ್ತು, ಮೋಟಾರು ನಡೆಯುವ ಹೊತ್ತು ಒಂದೇ ಎಂಬುದನ್ನು ಸಂಭಾಜಿನಗರದಲ್ಲಿ ಕೂತು "ಇದ್ದಾಗ ಕಲಿಸ್ತೀನಿ" ಎಂದಾಗ ನಾನು ಯೋಚಿಸಿರಲಿಲ್ಲ.

ಒಂಬತ್ತನೆಯ ತರಗತಿಯಲ್ಲಿ ಅಕ್ಕತಂಗಿಯರಿಬ್ಬರಿದ್ದರು. ಸ್ವಂತ ಅಕ್ಕತಂಗಿಯರಲ್ಲ, ಅಣ್ಣತಮ್ಮಂದಿರ ಮಕ್ಕಳು. ಅಣ್ಣನ ಮಗಳು ಉದ್ದಕ್ಕೆ, ಮಾತಿಗೆ ಮುಂದೆ. ತಮ್ಮನ ಮಗಳು ಗಿಡ್ಡಕ್ಕೆ, ಕೇಳಿದರೂ ಒಂದೇ ಮಾತಿನ ಉತ್ತರ. ಆ ಅಣ್ಣತಮ್ಮಂದಿರು ಹೊಲ ಹಂಚಿಕೊಂಡು ಬದುವಿನ ಜಗಳ ತೆಗೆದು ಮಾತು ಬಿಟ್ಟು ವರ್ಷಗಳಾಗಿದ್ದವು. ಅವರ ಹೆಂಡಂದಿರು ಎದುರುಬದುರಾದರೆ ಸೆರಗು ಎಳೆದುಕೊಂಡು ಹೋಗುವವರು. ಬಾವಿಯನ್ನು ಮಾತ್ರ ಹಂಚಲಾಗದೆ ಒಂದೇ ಉಳಿದಿತ್ತು. ಹುಡುಗಿಯರು ತರಗತಿಯಲ್ಲಿ ಆ ತುದಿಗೊಬ್ಬಳು ಈ ತುದಿಗೊಬ್ಬಳು ಕೂರುತ್ತಿದ್ದರು. ಹಗಲಿನ ವಾರದಲ್ಲಿ ಕರೆಂಟು ಬಂದ ಮೇಲೆ ಒಂದು ದಿನ ಅಣ್ಣನ ಮಗಳು ಉಳಿಯುತ್ತಿದ್ದಳು, ಮರುದಿನ ತಮ್ಮನ ಮಗಳು. ಇಬ್ಬರೂ ಒಟ್ಟಿಗೆ ಉಳಿದದ್ದನ್ನು ನಾನು ಕಂಡಿರಲಿಲ್ಲ.

"ಇವತ್ತ ನೀ ಹೋಗಲಿಲ್ಲೇನ?" ಎಂದು ಅಣ್ಣನ ಮಗಳನ್ನು ಕೇಳಿದೆ.

"ಇವತ್ತ ನಮ್ಮ ಪಾಳಿ ಅಲ್ರಿ ಬಾಯಿ. ಅವರದ ಅದ," ಎಂದಳು. ಅವರದು ಎನ್ನುವಾಗ ಆ ತುದಿಯ ಖಾಲಿ ಜಾಗದ ಕಡೆ ನೋಡಲೂ ಇಲ್ಲ.

ಪಾಳಿ. ನಮ್ಮೂರಲ್ಲೂ ಅದೇ ಶಬ್ದ, ಅಲ್ಲೂ ಅದೇ ಶಬ್ದ. ಹತ್ತಿರ ಹತ್ತಿರ ಎಲ್ಲ ಬಾವಿಗಳಿಗೂ ಪಾಲುದಾರರಿದ್ದರು, ಎಲ್ಲ ಪಾಲುದಾರರಿಗೂ ಪಾಳಿ ಇತ್ತು. ಅಂದರೆ ಕರೆಂಟು ಬಂದ ಯಾವ ದಿನವೂ ಶಾಲೆಯ ಎಲ್ಲ ಮಕ್ಕಳಿಗೂ ಕೆಲಸವಿರುತ್ತಿರಲಿಲ್ಲ. ಪಾಳಿ ಇದ್ದವರ ಹಿಂದೆ ಪಾಳಿ ಇಲ್ಲದವರೂ ಎದ್ದು ಓಡುತ್ತಿದ್ದರು, ಬಿಟ್ಟರೆ ಸಾಕೆಂದು. ಇಷ್ಟು ಸಣ್ಣ ಸಂಗತಿ ಕಣ್ಣೆದುರಿಗಿದ್ದೂ ನಾನು ಗೇಟಿಗೆ ಬೀಗ ಹಾಕಿಸುತ್ತ ಕೂತಿದ್ದೆ.

ಮುಂದಿನ ರಾತ್ರಿ ಕರೆಂಟಿನ ವಾರವನ್ನು ನಾನು ಬಾವಿ ಸುತ್ತುವುದಕ್ಕೆ ಇಟ್ಟುಕೊಂಡೆ. ಶಾಲೆ ಬಿಟ್ಟ ಮೇಲೆ ಸೀರೆ ಎತ್ತಿ ಕಟ್ಟಿಕೊಂಡು ಬದುವಿನ ಮೇಲೆ ನಡೆದೆ. ಯಾವ ಬಾವಿಗೆ ಯಾರ್ಯಾರ ಪಾಲು, ಯಾರ ನಂತರ ಯಾರು. ಹೆಂಗಸರು ಮೊದಲು ನನ್ನನ್ನು ಸರಕಾರದವಳೆಂದು ಅನುಮಾನಿಸಿದರು, ಆಮೇಲೆ ಹುಚ್ಚಿಯೆಂದು ನಿಶ್ಚಯಿಸಿ ಚಹಾ ಕೊಟ್ಟರು. ಕಂಪ್ಯೂಟರ್ ಕೋಣೆಯ ಗೋಡೆಗೆ ಒಂದು ಕರಿಹಲಗೆ ತೂಗುಹಾಕಿ ಅದರ ಮೇಲೆ ತರಗತಿಗಳ ಬದಲು ಬಾವಿಗಳನ್ನು ಬರೆದೆ: ಹುಣಸೆ ಬಾವಿ, ದೇವರ ಬಾವಿ, ಕಲ್ಲು ಬಾವಿ, ಹೊಸ ಬಾವಿ. ಪ್ರತಿ ಬಾವಿಯ ಮುಂದೆ ಗೆರೆ ಎಳೆದು, ಆಚೆ ಒಂದು ಮನೆ, ಈಚೆ ಇನ್ನೊಂದು ಮನೆ. ಕರೆಂಟು ಬಂದಾಗ ಪಾಳಿ ಇದ್ದವರು ಹೋಗಬಹುದು, ನಾನು ತಡೆಯುವುದಿಲ್ಲ. ಪಾಳಿ ಇಲ್ಲದವರು ಯಾವ ತರಗತಿಯವರಾದರೂ ಕಂಪ್ಯೂಟರ್ ಕೋಣೆಗೆ ಬರಬೇಕು. ಅಕ್ಕತಂಗಿಯರ ಕಲ್ಲು ಬಾವಿಯ ಮುಂದಿನ ಗೆರೆಯನ್ನು ಎಳೆಯುವಾಗ ಮನಸ್ಸಿಗೆ ಒಂಥರಾ ಆಯಿತು, ಆದರೂ ಎಳೆದೆ.

ಶಿಕ್ಷಕರ ಕೋಣೆಯಲ್ಲಿ ಗದ್ದಲವಾಯಿತು. "ಐದನೇ ವರ್ಗದವರು ಒಂಬತ್ತನೇ ವರ್ಗದವರು ಒಂದೇ ಕಡೆ ಕೂಡ್ತಾರೇನ್ರಿ? ಸಿಲಬಸ್ ಏನಾಗಬೇಕು?" ಎಂದರು ಗಣಿತದ ಹಿರಿಯರು.

"ಸಿಲಬಸ್ಸಿಗೆ ಹೊಲ ಇಲ್ಲ ಬಾವಿ ಇಲ್ಲ, ಅದು ಕಾಯ್ತದ," ಎಂದೆ. "ಖಾಲಿ ಕೋಣ್ಯಾಗ ಸಿಲಬಸ್ ಮುಗಿಸಿ ತೋರಸ್ತೀರೇನ್ರಿ ನೀವು?"

ಅವರು ಮುಖ ಗಂಟು ಹಾಕಿಕೊಂಡರು. ನಾನು ಹಾಕಿಕೊಂಡರೆ ಹಾಕಿಕೊಳ್ಳಲಿ ಎಂದು ಬಿಟ್ಟೆ.

ಮೊದಲ ಹಗಲಿನ ವಾರದಲ್ಲೇ ಕೋಣೆ ತುಂಬಿತು. ಮೋಟಾರುಗಳು ಒಟ್ಟಿಗೆ ಶುರುವಾದಾಗ ಪರದೆಗಳು ಕಣ್ಣು ಮಿಟುಕಿಸಿ ಸುಧಾರಿಸಿಕೊಳ್ಳುತ್ತಿದ್ದವು, ಮಕ್ಕಳು ಆ ಕ್ಷಣಕ್ಕೆ ಉಸಿರು ಹಿಡಿದು ಕಾಯುತ್ತಿದ್ದರು. ಸಣ್ಣವರು ದೊಡ್ಡವರಿಗಿಂತ ಬೇಗ ಕಲಿತು ದೊಡ್ಡವರ ಮರ್ಯಾದೆ ತೆಗೆದರು. ದೊಡ್ಡವರು ಸಿಟ್ಟಿಗೆ ಬಿದ್ದು ಕಲಿತರು. ಒಂದು ದಿನ ಹೃದಯದ ಸಿಡಿ ಹಾಕಿದೆ. ಪರದೆಯ ಮೇಲೆ ರಕ್ತ ಒಂದು ಕೋಣೆಯಿಂದ ಇನ್ನೊಂದಕ್ಕೆ ಇಳಿಯಿತು, ಕವಾಟ ಮುಚ್ಚಿತು. ಕವಾಟ ಎಂಬ ಶಬ್ದವನ್ನು ವರ್ಷಾನುವರ್ಷ ಬಾಯಿಪಾಠ ಮಾಡಿಸಿದವಳು ನಾನು. ಅಣ್ಣನ ಮಗಳು ಎದ್ದು ನಿಂತಳು.

"ಇದು ಫುಟ್‌ವಾಲ್ವ್ ಇದ್ದಂಗ ಅದಲ್ರಿ ಬಾಯಿ. ನೀರು ಮ್ಯಾಲ ಬರ್ತದ, ತಿರುಗಿ ಬಾವ್ಯಾಗ ಹೋಗಲ್ಲ. ಅದು ಕೆಟ್ಟರ ಮೋಟಾರ್ ತಿರಗತದ, ನೀರು ಬರಲ್ಲ. ಮನಷ್ಯಾಗೂ ಹಂಗೇ ಆಗ್ತದೇನ್ರಿ?"

ಹಂಗೇ ಆಗ್ತದ ಎಂದೆ. ಇದನ್ನೇ ಪಾಠ ಮಾಡಿ ತೋರಿಸು, ಹೃದಯ ಒಂದು ಕಡೆ ಬಾವಿ ಒಂದು ಕಡೆ ಚಿತ್ರ ಬರೆ ಎಂದೆ. ಅವಳು ಅರ್ಧ ಬಾವಿ ಬರೆಯುವಷ್ಟರಲ್ಲಿ ಕರೆಂಟು ಹೋಗುವ ಹೊತ್ತಾಯಿತು. ಹೊಸ ಶಿಕ್ಷಕ ಅದನ್ನು ಉಳಿಸಿಟ್ಟ.

ಮರುದಿನ ಅದೇ ಯಂತ್ರದ ಮುಂದೆ ತಮ್ಮನ ಮಗಳು ಕೂತಳು. ತೆರೆದು ನೋಡಿದಳು, ಯಾರದು ಎಂದು ಕೇಳಲಿಲ್ಲ. ಬಾವಿ ಅವರದೇ, ಕಲ್ಲು ಬಾವಿ. ಮೆಟ್ಟಿಲು ನೋಡಿದರೇ ಗುರುತು ಸಿಗುತ್ತಿತ್ತು. ಉಳಿದರ್ಧ ಬಾವಿ ಬರೆದಳು. ಅದರ ಮರುದಿನ ಅಣ್ಣನ ಮಗಳು ಬಂದು ನೋಡಿ, "ಪೈಪ್ ಸಣ್ಣದು ಬರದಾಳ," ಎಂದು ತಿದ್ದಿದಳು. ಹೀಗೆ ಒಂದು ದಿನ ಒಬ್ಬಳು, ಮರುದಿನ ಇನ್ನೊಬ್ಬಳು. ಚಿತ್ರ ಅಣ್ಣನ ಮಗಳ ಕೈ. ಅದನ್ನು ಚಲಿಸುವ ಹಾಗೆ ಮಾಡುವುದು, ಕೆಳಗೆ ಮರಾಠಿಯಲ್ಲಿ ಟೈಪ್ ಮಾಡುವುದು ತಮ್ಮನ ಮಗಳ ಕೈ. ತರಗತಿಯಲ್ಲಿ ಆಗಲೂ ಆ ತುದಿ ಈ ತುದಿಯೇ. ಒಂದು ಮಾತಿಲ್ಲ. ಪರದೆಯ ಮೇಲೆ ಮಾತ್ರ ಬಾವಿಯಿಂದ ನೀರು ಏರುತ್ತಿತ್ತು, ಪಕ್ಕದಲ್ಲಿ ಹೃದಯ ಬಡಿಯುತ್ತಿತ್ತು.

ಫೆಬ್ರವರಿಯಲ್ಲಿ ಕಾರ್ಯದರ್ಶಿ ಸಾಹೇಬರು ಹೇಳದೆ ಕೇಳದೆ ಬಂದರು. ಕೋಣೆಯೊಳಗೆ ಇಣುಕಿ, ಐದನೆಯ ತರಗತಿಯ ಮೋಟುಜಡೆಯವಳ ಹತ್ತಿರ ಮೀಸೆ ಮೂಡುವ ವಯಸ್ಸಿನವನು ಪಾಠ ಹೇಳಿಸಿಕೊಳ್ಳುತ್ತಿದ್ದದ್ದನ್ನು ಕಂಡು ನಿಟ್ಟುಸಿರು ಬಿಟ್ಟರು.

"ಇದು ಯಾವ ವರ್ಗರಿ?"

"ಹುಣಸೆ ಬಾವಿದೂ ದೇವರ ಬಾವಿದೂ ಪಾಳಿ ಇಲ್ಲದವರ್ರಿ," ಎಂದೆ.

ಅವರಿಗೆ ನಗು ಬರಲಿಲ್ಲ. ದಾನ ಕೊಟ್ಟ ಕಂಪನಿಯವರು ಬರುತ್ತಾರೆ, ಒಂಬತ್ತನೆಯ ವರ್ಗ ಪೂರ್ತಿ, ಯೂನಿಫಾರ್ಮಿನಲ್ಲಿ, ಯಂತ್ರಗಳ ಮುಂದೆ ಕೂತಿರಬೇಕು, ಹಿಂದೆ ಕಂಪನಿಯ ಬ್ಯಾನರು, ಫೋಟೋ ಆಗಬೇಕು ಎಂದರು. "ಈ ಸಂತಿ ತೋರಿಸಿದರ ಅವರು ಏನಂತಾರ? ಅವತ್ತ ನಾ ಟೆಂಪೋ ಸಂಗಟನೇ ಬರ್ತೀನಿ. ವರ್ಗ ಇದ್ದರ ಮಷಿನ್ ಇಲ್ಲಿ. ಇಲ್ಲಂದ್ರ ನಮ್ಮ ಸಿಟಿ ಶಾಳಿಗಿ."

ಹಗಲಿನ ವಾರದ ಒಂದು ದಿನವನ್ನೇ ಗೊತ್ತುಮಾಡಿ ಹೋದರು, ಫೋಟೋದಲ್ಲಿ ಪರದೆ ಬೆಳಗಬೇಕಲ್ಲ. ಉಳ್ಳಾಗಡ್ಡಿ ಗಡ್ಡೆ ಕಟ್ಟುವ ಕಾಲ ಅದು. ಆಗ ಒಂದು ಪಾಳಿ ತಪ್ಪಿದರೆ ಗಡ್ಡೆ ಸಣ್ಣದಾಗುತ್ತದೆ, ಲಾಸಲಗಾಂವಿನಲ್ಲಿ ಸಣ್ಣ ಗಡ್ಡೆಯನ್ನು ಯಾರೂ ಮೂಸಿ ನೋಡುವುದಿಲ್ಲ.

ಮನೆಯಲ್ಲಿ ಹೇಳಿದಾಗ ಮನೆಯವರು, "ಒಂದ ದಿನದ್ದಷ್ಟೇ ಮಾತು, ಎಲ್ಲರನ್ನೂ ಕೂಡಸಿಬಿಡು. ಫೋಟೋ ಹೊಡಕೊಂಡು ಹೋಗ್ತಾರ," ಎಂದರು.

"ನಿಮ್ಮಲ್ಲಿ ವಿಮಾನ ನೋಡಲಿಕ್ಕಿ ಮಂತ್ರಿ ಬಂದ ದಿನ ಅಷ್ಟೇ ಸ್ಪ್ಯಾನರ್ ಹಲಗಿ ಮ್ಯಾಲ ಇಡ್ತೀರೇನ್ರಿ?" ಎಂದು ಕೇಳಿದೆ.

ಅವರು ಊಟ ಮುಂದುವರಿಸಿದರು. ಸೋತಾಗ ಅವರು ಪಲ್ಯ ಮತ್ತೊಮ್ಮೆ ಬಡಿಸಿಕೊಳ್ಳುತ್ತಾರೆ, ಅವತ್ತೂ ಬಡಿಸಿಕೊಂಡರು.

ಹೊರಗೆ ಹೀಗೆ ಜೋರು ಮಾಡಿದರೂ ಒಳಗೆ ನನಗೆ ಭಯವಿತ್ತು. ಮಕ್ಕಳನ್ನು ಒಂದು ದಿನ ಹಿಡಿದು ಕೂರಿಸಿದರೆ ಬಾವಿ ಸುತ್ತಿ ನಾನು ಗಳಿಸಿದ್ದ ನಂಬಿಕೆ ಹೋಗುತ್ತದೆ. ಮರುದಿನದಿಂದ ಮತ್ತೆ ಗೋಡೆ ಹಾರುತ್ತಾರೆ. ಕೂರಿಸದಿದ್ದರೆ ಯಂತ್ರಗಳೇ ಹೋಗುತ್ತವೆ. ಮಕ್ಕಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಟೆಂಪೋ ವಿಷಯವನ್ನೂ ಹೇಳಿದೆ. ಪಾಳಿ ಇದ್ದವರು ಎಂದಿನಂತೆ ಹೋಗಿ, ಸಾಹೇಬರ ಜೊತೆ ನಾನು ಮಾತಾಡಿಕೊಳ್ಳುತ್ತೇನೆ ಎಂದೆ.

ಆ ದಿನ ಸಾಹೇಬರು ಬಂದರು, ಹಿಂದೆ ಕಂಪನಿಯ ಮೇಡಂ ಒಬ್ಬರು, ಅವರ ಹಿಂದೆ ಬ್ಯಾನರು ಹೊತ್ತ ಫೋಟೋದವನು, ಗೇಟಿನ ಹೊರಗೆ ಖಾಲಿ ಟೆಂಪೋ. ಮೇಡಂ ನನಗಿಂತ ಎಷ್ಟೋ ಚಿಕ್ಕವರು, ದೂಳಿನಲ್ಲಿ ಹೆಜ್ಜೆ ನೋಡಿ ನೋಡಿ ಇಡುತ್ತಿದ್ದರು. ಒಂಬತ್ತನೆಯವರು ಪೂರ್ತಿ ಕೂತಿದ್ದರು, ಕರೆಂಟು ಬರುವ ತನಕ. ಫ್ಯಾನು ನರಳಿತು. ಅರ್ಧ ತರಗತಿ ಎದ್ದು ನಿಂತಿತು, ನನ್ನ ಮುಖ ನೋಡಿತು. ಅಲ್ಲಿಯ ತನಕ ಅವರು ನನ್ನ ಹೂಂಗೆ ಕಾದದ್ದೇ ಇರಲಿಲ್ಲ, ಅವತ್ತು ಕಾದರು. ಹೋಗಿ ಎಂದೆ. ಅಣ್ಣನ ಮಗಳೂ ಹೋದಳು. ಕಲ್ಲು ಬಾವಿ ಅವತ್ತು ಅವರ ಮನೆಯದು.

ಸಾಹೇಬರು ನಿಟ್ಟುಸಿರು ಬಿಡುವುದನ್ನೂ ಮರೆತರು. "ಬಾಯಿ, ನೀವು ಬೇಕಂತನೇ ಮಾಡ್ಲಕತ್ತೀರಿ," ಎಂದರು.

"ಹೌದ್ರಿ, ಬೇಕಂತನೇ," ಎಂದೆ. "ನಮ್ಮ ಶಾಳ್ಯಾಗ ಕಂಪ್ಯೂಟರ್ ನಡಿಯೋದು ಹಿಂಗರಿ. ಇದನ್ನ ನೋಡಿ ಒಯ್ಯೋದಿದ್ರ ಒಯ್ಯಿರಿ."

ಸಾಹೇಬರು ಟೆಂಪೋದವನನ್ನು ಕರೆಯಲು ಬಾಗಿಲಿಗೆ ಹೋದರು. ಮೇಡಂ ಮಾತ್ರ ತಮ್ಮನ ಮಗಳ ಹಿಂದೆ ನಿಂತುಬಿಟ್ಟಿದ್ದರು. ಪರದೆಯ ಮೇಲೆ ಕಲ್ಲು ಬಾವಿ, ಪಕ್ಕದಲ್ಲಿ ಹೃದಯ. ಎರಡರ ಕವಾಟಗಳೂ ಒಂದೇ ಲೆಕ್ಕದಲ್ಲಿ ತೆರೆದು ಮುಚ್ಚುತ್ತಿದ್ದವು.

"ಇದು ನೀ ಮಾಡಿದ್ದಾ?" ಎಂದು ಮೇಡಂ ಕೇಳಿದರು.

"ಇಬ್ಬರು," ಎಂದಳು ಅವಳು.

"ಇನ್ನೊಬ್ಬಾಕಿ ಯಾರು?"

"ನಮ್ಮ ಅಕ್ಕ," ಎಂದಳು. ಅವಳ ಬಾಯಲ್ಲಿ ಆ ಶಬ್ದವನ್ನು ನಾನು ಮೊದಲ ಸಲ ಕೇಳಿದೆ.

"ಎಲ್ಲಿದ್ದಾಳ? ಕರಿ. ಇಬ್ಬರೂ ಸೇರಿ ನನಗ ಹೇಳ್ರಿ."

"ಬಾವಿ ಮ್ಯಾಲ ಇದ್ದಾಳರಿ. ಅಕಿ ಬಂದರ ಮೋಟಾರ್ ಹತ್ತಿರ ಯಾರಿರಬೇಕು?"

ಮೇಡಂ ನನ್ನನ್ನು ನೋಡಿದರು. ನಾನು ಗೋಡೆಯ ಹಲಗೆ ತೋರಿಸಿ, ಬಾವಿ ಎಂದರೇನು, ಪಾಳಿ ಎಂದರೇನು, ಕಲ್ಲು ಬಾವಿಯ ಮುಂದೆ ಗೆರೆ ಯಾಕಿದೆ ಎಂದು ಹೇಳತೊಡಗಿದೆ. ಅಷ್ಟರಲ್ಲಿ ತಮ್ಮನ ಮಗಳು ಎದ್ದಳು. ಮೌಸನ್ನು ಅದರ ಜಾಗಕ್ಕೆ ಸರಿಸಿ, "ಬಾಯಿ, ನಾ ಹೋಗ್ತೀನಿ. ಅಕಿನ್ನ ಕಳಸ್ತೀನಿ," ಎಂದು ನಡೆದೇಬಿಟ್ಟಳು.

ತಮ್ಮದಲ್ಲದ ಪಾಳಿಯಲ್ಲಿ ಆ ಹುಡುಗಿಯ ಮನೆಯವರು ಯಾರೂ ಆ ಬಾವಿಯ ಕಡೆ ಕಾಲಿಟ್ಟಿರಲಿಲ್ಲ. ಸ್ಟಾರ್ಟರು ಮುಟ್ಟಿದರು, ನೀರು ಕದ್ದರು ಎಂದೇ ಆ ಎರಡು ಮನೆಗಳ ಅರ್ಧ ಜಗಳ. ವರಾಂಡದಿಂದ ಕಲ್ಲು ಬಾವಿ ಕಾಣುತ್ತದೆ. ನಾನು ಹೊರಗೆ ಬಂದು ನಿಂತೆ, ಮೇಡಮ್ಮೂ ಬಂದರು, ಟೆಂಪೋದವನಿಗೆ ಕೈ ಮಾಡುತ್ತಿದ್ದ ಸಾಹೇಬರೂ ತಿರುಗಿ ನೋಡಿದರು. ಗಿಡ್ಡ ಹುಡುಗಿ ಬದುವಿನ ಮೇಲೆ ಹೋದಳು. ನೀರು ತಿರುಗಿಸುತ್ತಿದ್ದ ದೊಡ್ಡಮ್ಮ ಸಲಿಕೆ ಹಿಡಿದವಳು ಹಾಗೆಯೇ ನಿಂತಳು. ಅವರಲ್ಲಿ ಏನು ಮಾತಾಯಿತೋ ನಮಗೆ ಕೇಳಲಿಲ್ಲ. ಆಮೇಲೆ ಹುಡುಗಿಯೇ ಹೇಳಿದ್ದು: ಮಾತೇ ಆಗಲಿಲ್ಲವಂತೆ. ಸ್ಟಾರ್ಟರ್ ಡಬ್ಬಿಯ ಪಕ್ಕ ನೆರಳಿನಲ್ಲಿದ್ದ ರೊಟ್ಟಿಯ ಗಂಟನ್ನು ದೊಡ್ಡಮ್ಮ ಎತ್ತಿ ಆಚೆ ಇಟ್ಟಳಂತೆ, ಇವಳು ಕೂಡಲು ಜಾಗವಾಗಲೆಂದು.

ಅಣ್ಣನ ಮಗಳು ಓಡಿ ಬಂದಳು, ಮೊಣಕಾಲ ತನಕ ಕೆಸರು. ಕಾಲು ತೊಳೆಯಲು ನಾನು ಬಿಡಲಿಲ್ಲ. ಹಾಗೆಯೇ ಹೋಗಿ ಯಂತ್ರದ ಮುಂದೆ ಕೂತು ಮೇಡಮ್ಮಿಗೆ ಹೃದಯ ಅರ್ಥ ಮಾಡಿಸಿದಳು. ಮಾತಿಗೆ ಮುಂದಾದವಳು, ಅವತ್ತು ಇನ್ನೂ ಮುಂದೆ. ಚಲಿಸುವುದೆಲ್ಲ ತಂಗಿ ಮಾಡಿದ್ದು, ತನಗದು ಬರುವುದಿಲ್ಲ ಎಂದು ಎರಡು ಸಲ ಹೇಳಿದಳು. ಫೋಟೋದವನು ಬ್ಯಾನರು ಬಿಚ್ಚಲು ಹೋದಾಗ ಮೇಡಂ ಬೇಡ ಎಂದು ಅವನನ್ನು ಬಾವಿಯ ಹಲಗೆಯ ಫೋಟೋ ತೆಗೆಯಲು ಕಳಿಸಿದರು. ಯಂತ್ರಗಳು ಇಲ್ಲೇ ಇರಲಿ ಎಂದು ಸಾಹೇಬರಿಗೆ ಹೇಳಿ ಕಾರು ಹತ್ತಿದರು. ಸಾಹೇಬರು ಪ್ರಿಂಟರನ್ನು ಮಾತ್ರ ಟೆಂಪೋಗೆ ಹಾಕಿಸಿದರು. ಅಷ್ಟು ದೂರದಿಂದ ಬಂದ ಟೆಂಪೋವನ್ನು ಖಾಲಿ ಒಯ್ಯುವುದು ಅವರಿಗೆ ಅವಮಾನ.

ಹತ್ತು ಹದಿನೈದು ವರ್ಷದ ಹಿಂದಿನವರೆಗೂ ಸಂಸ್ಥೆಯವರು ನನ್ನನ್ನು ಸಂಭಾಜಿನಗರಕ್ಕೆ ಕರೆಸುತ್ತಿದ್ದರು, ಹೊಸ ಮುಖ್ಯಾಧ್ಯಾಪಕರಿಗೆ ನಾಲ್ಕು ಮಾತು ಹೇಳಲು. ಆ ಹೊತ್ತಿಗೆ ಗೋಡೆಯಗಲದ ಬೋರ್ಡು ಬಂದಿತ್ತು, ಬೆರಳು ಮುಟ್ಟಿದರೆ ಬಣ್ಣ ಬರುತ್ತಿತ್ತು. ಅದನ್ನು ಮಾರಲು ಬಂದವನು ಮಾತು ಮುಗಿಸಿದ ಮೇಲೆ ನನ್ನ ಸರದಿ. ನಿಮ್ಮ ಮಕ್ಕಳು ಯಾವ ಹೊತ್ತಿಗೆ ಎಲ್ಲಿರಬೇಕಾಗುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ, ಆಮೇಲೆ ಇದನ್ನು ಕೊಳ್ಳಿ ಎಂದು ಹೇಳಿ ಈ ಕಥೆ ಹೇಳುತ್ತಿದ್ದೆ. ಮಾರುವವನಿಗೆ ನಾನು ಬೇಡವಾದವಳು. ಖುಲ್ತಾಬಾದ್ ಕಡೆಯ ಒಬ್ಬ ಯುವ ಮುಖ್ಯಾಧ್ಯಾಪಕಿ ಒಂದು ಸಲ ಎದ್ದು, ಮರುದಿನ ಏನಾಯಿತು ಎಂದು ಕೇಳಿದಳು. ಉಳಿದವರು ಯಂತ್ರ ಉಳಿಯಿತೇ ಎಂದಷ್ಟೇ ಕೇಳುತ್ತಿದ್ದರು.

ಮರುದಿನ ಕಲ್ಲು ಬಾವಿ ತಮ್ಮನ ಮನೆಯದು. ಕರೆಂಟು ಬಂತು. ತಮ್ಮನ ಮಗಳು ಎಂದಿನಂತೆ ಎದ್ದಳು. ಅಣ್ಣನ ಮಗಳು ಆ ತುದಿಗೆ ಹೋಗಿ ಅವಳ ಮಣಿಕಟ್ಟು ಹಿಡಿದಳು.

"ಕೂಡು. ನಮ್ಮವ್ವ ಹೋಗ್ಯಾಳ," ಎಂದಳು.

ನಾನು ವರಾಂಡಕ್ಕೆ ಬಂದೆ. ಬಾವಿಯ ಮೇಲೆ ಇಬ್ಬರು ಹೆಂಗಸರಿದ್ದರು. ತಮ್ಮನ ಹೆಂಡತಿ ತನ್ನ ಮಡಿಗಳಲ್ಲಿ ಬಾಗಿ ನೀರು ತಿರುಗಿಸುತ್ತಿದ್ದಳು. ಸ್ಟಾರ್ಟರಿನ ಹತ್ತಿರ ಅವಳ ಕಡೆ ಬೆನ್ನು ಮಾಡಿಕೊಂಡು ಅಣ್ಣನ ಹೆಂಡತಿ ಕೂತಿದ್ದಳು, ತನ್ನದಲ್ಲದ ಪಾಳಿಗೆ. ಮೋಟಾರು ಕಟ್ಟಾಯಿತು; ಅವಳು ಎದ್ದು ಮತ್ತೆ ಶುರುಮಾಡಿ ಮತ್ತೆ ಬೆನ್ನು ಮಾಡಿ ಕೂತಳು. ಗಂಡಂದಿರ ಬದುವಿನ ಜಗಳ ಇವತ್ತಿಗೂ ಮುಗಿದಿಲ್ಲ ಎಂದು ಕೇಳಿದ್ದೇನೆ.

ಒಳಗೆ ಬಂದೆ. ಹುಡುಗಿಯರಿಬ್ಬರೂ ಒಂದೇ ಬೆಂಚಿನ ಮೇಲೆ, ಒಂದೇ ಯಂತ್ರದ ಮುಂದೆ, ಪೈಪು ಸಣ್ಣದಾಯಿತೋ ದೊಡ್ಡದಾಯಿತೋ ಎಂದು ಜೋರಾಗಿ ಜಗಳವಾಡುತ್ತಿದ್ದರು. ಗದ್ದಲ ಮಾಡಬೇಡಿ ಎನ್ನಬೇಕಾದವಳು ನಾನು, ಅನ್ನಲು ಆಗಲಿಲ್ಲ, ಅಳು ಬಂದಿತ್ತು. ಮಕ್ಕಳಿಗೆ ಬೆನ್ನು ತಿರುಗಿಸಿ ಡಸ್ಟರು ತೆಗೆದುಕೊಂಡು ಹಲಗೆಯ ಹತ್ತಿರ ಹೋದೆ, ಕಲ್ಲು ಬಾವಿಯ ಮುಂದೆ ನಾನೇ ಎಳೆದಿದ್ದ ಗೆರೆಯನ್ನು ಅಳಿಸಿದೆ.